ಪಟ್ಟಿಯಲ್ಲಿಲ್ಲದ ಹೊದಿಕೆ

ನಾನು ಹದಿನಾಲ್ಕು ವರ್ಷಗಳಿಂದ ಕತಾರಿನಲ್ಲಿ ಸೇಫ್ಟಿ ಆಫೀಸರ್. ಅಂದರೆ, ಬೆಳಿಗ್ಗೆ ಕಂಪನಿ ಬಸ್ಸಿನಿಂದ ಇಳಿದ ಇನ್ನೂರು ಜನರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಬಿಸಿಲಿನಲ್ಲಿ ನಿಲ್ಲಬಾರದು ಎಂದು ಉಪದೇಶ ಮಾಡುವವನು!

ಇಂಥ ನಾನು ಜನವರಿಯ ಒಂದು ಗುರುವಾರ ಸಂಜೆ, ಅಲ್ ಸದ್ದ್‌ನ ನಮ್ಮ ಫ್ಲಾಟಿನಲ್ಲಿ ಹೆಂಡತಿಯೆದುರು ಘೋಷಿಸಿದೆ: "ಮಟಿಲ್ಡಾ, ನಾಳೆ ನಿನ್ನನ್ನು ಮರುಭೂಮಿಯಲ್ಲಿ ಮಲಗಿಸ್ತೇನೆ!"

"ಯಾಕೆ, ನಾನೆಂತ ತಪ್ಪು ಮಾಡಿದೆ?"

ಅವಳು ನರ್ಸ್. ನಾಲ್ಕು ತಿಂಗಳಲ್ಲಿ ಮೊದಲ ಸಲ ಶುಕ್ರವಾರ, ಶನಿವಾರ ಒಟ್ಟಿಗೆ ರಜೆ ಸಿಕ್ಕಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು, ನಿದ್ದೆ. ನಾನಾದರೋ ಗೆಳೆಯ ರಿಚರ್ಡನ ಪಿಕಪ್ ಕೇಳಿಯಾಗಿತ್ತು. ಹಿಂದಿನ ತೊಟ್ಟಿಯಲ್ಲಿ ಹಾಸಿಗೆ ಹಾಸಿ, ಝಿಕ್ರೀತ್ ಕಡೆಯ ಮರಳಿನಲ್ಲಿ ಗಾಡಿ ನಿಲ್ಲಿಸಿ, ನಕ್ಷತ್ರಗಳ ಕೆಳಗೆ ಮಲಗುವುದು ಎಂಬುದು ನನ್ನ ಯೋಜನೆ.

"ಮನೆಯ ಹಾಸಿಗೆಗೆ ಎಂತ ಆಗಿದೆ?"

"ಇಲ್ಲಿ ನಕ್ಷತ್ರ ಕಾಣುವುದಿಲ್ಲ."

"ನಿದ್ದೆ ಮಾಡುವಾಗ ಕಣ್ಣು ಮುಚ್ಚುವುದಲ್ವಾ ಮಾರಾಯ್ರೆ?"

ಕೊನೆಗೂ ಒಪ್ಪಿದಳು, ಆದರೆ ಬೆರಳೆತ್ತಿ ಹೇಳಿದಳು: "ಹತ್ತು ಗಂಟೆ ನಿದ್ದೆ. ಒಂದು ನಿಮಿಷ ಕಡಿಮೆಯಾದ್ರೂ ಇನ್ನು ಮೇಲೆ ನಿಮ್ಮ ಜೊತೆ ಎಲ್ಲಿಗೂ ಇಲ್ಲ, ಖಲಾಸ್!"

"ನನ್ನ ಗ್ಯಾರಂಟಿ!" ಎಂದು ಎದೆ ತಟ್ಟಿಕೊಂಡೆ.

ಸೇಫ್ಟಿಯವನು ಪಟ್ಟಿಯಿಲ್ಲದೆ ಹೊಸಿಲು ದಾಟಿಯಾನೆ? ಜೂನ್ ತಿಂಗಳ ಸುಡುಬಿಸಿಲಿಗೆ ಸೈಟಿಗೆಂದು ಮಾಡಿದ ನಲವತ್ತೊಂದು ಸಾಮಾನುಗಳ ಘನವಾದ ಪಟ್ಟಿ ಕಂಪ್ಯೂಟರಿನಲ್ಲೇ ಇತ್ತು. ಹೊಸದಾಗಿ ಬರೆಯುವ ಶ್ರಮವೇಕೆ? 'ಸೈಟ್' ಎಂದಿದ್ದಲ್ಲಿ 'ಮರುಭೂಮಿ' ಎಂದೂ, 'ಕಾರ್ಮಿಕರು' ಎಂದಿದ್ದಲ್ಲಿ 'ಹೆಂಡತಿ' ಎಂದೂ ತಿದ್ದಿದೆ. ತಾರೀಖನ್ನೂ ಬದಲಿಸಿದೆ. ನಮ್ಮ ಆಫೀಸಿನಲ್ಲಿ ಎಲ್ಲ ಪಟ್ಟಿಗಳೂ ಹುಟ್ಟುವುದು ಹೀಗೆಯೇ.

ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಗಾಡಿ ತುಂಬಿಸಿದೆವು. ಮಟಿಲ್ಡಾ ಎರಡು ದಪ್ಪ ಹೊದಿಕೆ ಹೊತ್ತು ತಂದಳು. ನಾನು ಅವಳನ್ನು ಗೇಟಿನಲ್ಲೇ ತಡೆದೆ.

"ಇದು ಪಟ್ಟಿಯಲ್ಲಿಲ್ಲ."

"ಚಳಿಗೆ ಬೇಡ್ವಾ?"

"ಮರುಭೂಮಿಯಲ್ಲಿ ಚಳಿಯೇ? ಹದಿನಾಲ್ಕು ವರ್ಷದಲ್ಲಿ ನನ್ನ ಒಬ್ಬನೇ ಒಬ್ಬ ಕೆಲಸಗಾರ ಚಳಿಯಿಂದ ಬಿದ್ದದ್ದಿಲ್ಲ!"

ಅವಳು ಮಾತಾಡದೆ ಹೊದಿಕೆಗಳನ್ನು ವಾಪಸ್ ಕೊಂಡುಹೋದಳು. ಗಂಡ ಇಷ್ಟು ಗಟ್ಟಿಯಾಗಿ ಮಾತಾಡುವಾಗ ಹೆಂಡತಿ ಸುಮ್ಮನಾದಳೆಂದರೆ ಹೆದರಬೇಕು ಎನ್ನುವುದು ಯಾವ ಸೇಫ್ಟಿ ಕೋರ್ಸಿನಲ್ಲೂ ಇಲ್ಲ.

ದುಖಾನ್ ರಸ್ತೆಯಲ್ಲಿ ಹಾಯಾಗಿ ಸಾಗಿ, ಮರಳಿನಲ್ಲಿ ಗಾಡಿ ನಿಲ್ಲಿಸಿದಾಗ ಸ್ವಲ್ಪ ದೂರದಲ್ಲಿ ಎರಡು ದೊಡ್ಡ ಟೆಂಟ್‌ಗಳಿದ್ದವು, ಒಂದು ಗಂಡಸರದ್ದು, ಒಂದು ಹೆಂಗಸರದ್ದು. ಉಪ್ಪಿನಂಗಡಿ ಕಡೆಯ ಶಾಹುಲ್ ಹಮೀದರ ಕುಟುಂಬ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವರು. ನಮ್ಮ ಮಾತು ಕೇಳಿ ಊರಿನವರೆಂದು ತಿಳಿದ ಕೂಡಲೇ ಪರಿಚಯ ಹೇಳಿಕೊಂಡು ಕರೆದರು: "ಬನ್ನಿ ಸರ್, ನಮ್ಮೊಟ್ಟಿಗೇ ಊಟ ಮಾಡುವ."

"ಬೇಡ ಬೇಡ, ನಮ್ಮಲ್ಲಿ ಎಲ್ಲ ಉಂಟು!" ಎಂದೆ ನಾನು, ರಾಜಗಾಂಭೀರ್ಯದಿಂದ.

ಐದು ಗಂಟೆಗೆ ಸೂರ್ಯ ಮುಳುಗಿದ. ಬಡಗಣ ಗಾಳಿ ಶುರುವಾಯಿತು. ಏಳಾಗುವಷ್ಟರಲ್ಲಿ ನನ್ನ ಹಲ್ಲುಗಳು ನನ್ನ ಅಪ್ಪಣೆಯಿಲ್ಲದೆ ಮಾತಾಡತೊಡಗಿದವು.

"ಊಟಕ್ಕೆ ಎಂತ ಉಂಟು?" ಮಟಿಲ್ಡಾ ಕೇಳಿದಳು.

ಟಾರ್ಚು ಹಿಡಿದು ಪಟ್ಟಿ ಓದಿದೆ. ಕಲ್ಲಂಗಡಿ. ಸೌತೆಕಾಯಿ. ತಣ್ಣನೆಯ ಮಜ್ಜಿಗೆ.

"ಹೊದೆಯಲಿಕ್ಕೆ?"

"ಒದ್ದೆ ಟವೆಲ್ ಉಂಟು. ಕುತ್ತಿಗೆಗೆ ಸುತ್ತಿಕೊಳ್ಳಲಿಕ್ಕೆ."

"ಮತ್ತೆ?"

"ಬ್ಯಾಟರಿ ಫ್ಯಾನ್. ನಾಲ್ಕು ಚೀಲ ಐಸ್."

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಐಸಿಗಿಂತ ಆ ನೋಟವೇ ತಣ್ಣಗಿತ್ತು.

"ಬೆಂಕಿಯಾದ್ರೂ ಹಾಕಿ ಮಾರಾಯ್ರೆ!"

ಹುಡುಕಿದೆ. ಬೆಂಕಿ ಆರಿಸುವ ಸಿಲಿಂಡರ್ ಎರಡು ಇದ್ದವು, ಬೆಂಕಿಪೊಟ್ಟಣ ಇರಲಿಲ್ಲ! ಎಂಜಿನ್ ಚಾಲೂ ಇಟ್ಟು, ಹೀಟರ್ ಹಾಕಿಕೊಂಡು ಗಾಡಿಯೊಳಗೆ ಮಲಗೋಣವೆಂದರೆ, ಅದು ಅಪಾಯ ಎಂದು ವರ್ಷಕ್ಕೆ ಹತ್ತು ಸಲ ಭಾಷಣ ಮಾಡುವವನು ನಾನೇ. ಮಾಡಿದ್ದುಣ್ಣೋ ಮಹರಾಯ!

ಅಷ್ಟರಲ್ಲಿ ಶಾಹುಲ್ ಹಮೀದರ ಹೆಂಡತಿ ಫಾಹಿಮಾ ಬಂದು, "ಅಕ್ಕ, ಹತ್ತು ನಿಮಿಷ ಬನ್ನಿ, ಚಾ ಕುಡಿದು ಹೋಗಿ" ಎಂದರು. ಮಟಿಲ್ಡಾ ನನ್ನನ್ನು ತಿರುಗಿಯೂ ನೋಡದೆ ನಡೆದಳು. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಆಮೇಲೆ ಫೋನಿಗೆ ಮೆಸೇಜ್ ಬಂತು: "ಇಲ್ಲಿ ಹೀಟರ್ ಉಂಟು. ಕೋಳಿಸಾರು ಉಂಟು. ನಾನು ಮಲಗಿದೆ."

ನನಗೆ ಹೊಟ್ಟೆ ಉರಿಯಿತು. ಅಷ್ಟಾದರೂ ಬಿಸಿ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಎಲ್ಲ ಉಂಟು ಎಂದು ಹೇಳಿದ ಬಾಯಿಯಲ್ಲಿ ಈಗ ಕಂಬಳಿ ಕೇಳುವುದೇ? ಗಾಡಿಯ ಗಾಜಿಗೆ ಬಿಸಿಲು ಬೀಳದಂತೆ ಇಡುವ ಬೆಳ್ಳಿ ಬಣ್ಣದ ಪರದೆ ತೆಗೆದು ಮೈಗೆ ಸುತ್ತಿಕೊಂಡೆ. ಗಾಳಿಗೆ ಅಡ್ಡವಾಗಿ ಬಿಸಿಲಿನ ಕೊಡೆ ಬಿಡಿಸಿದೆ. ಕೊಡೆ ತಕ್ಷಣ ಸೌದಿ ಕಡೆಗೆ ಹಾರಿಹೋಯಿತು.

ಸ್ವಲ್ಪ ಹೊತ್ತಿನಲ್ಲಿ ಶಾಹುಲ್ ಹಮೀದರೇ ಲಾಟೀನು ಹಿಡಿದು ಬಂದರು. ತೊಟ್ಟಿಯೊಳಗೆ ಇಣುಕಿ, ಒಂದು ಹೆಜ್ಜೆ ಹಿಂದೆ ಸರಿದರು.

"ಯಾ ಅಲ್ಲಾಹ್! ಸರ್, ನೀವಾ? ನಾನು ಯಾರೋ ದೊಡ್ಡ ಶವರ್ಮಾ ಪಾರ್ಸೆಲ್ ಬಿಟ್ಟು ಹೋಗಿದ್ದಾರೆ ಅಂತ ತಿಳಿದೆ!"

"ನ... ನ... ನಕ್ಷತ್ರ ನೋಡ್ತಾ ಇದ್ದೇನೆ."

"ನಕ್ಷತ್ರ ನಾಳೆಯೂ ಇರ್ತದೆ ಸರ್. ನೀವು ಇರುವುದು ಡೌಟು. ಯಲ್ಲಾ, ಏಳಿ!"

ಬೆಳ್ಳಿ ಪರದೆಯ ಸಮೇತ ಅವರ ಹಿಂದೆ ನಡೆದೆ. ಗಂಡಸರ ಟೆಂಟಿನಲ್ಲಿ ಆರು ಜನ ಎದ್ದು ಕೂತು ನನಗೆ ಸಲಾಂ ಹೇಳಿದರು. ನಗು ತಡೆದುಕೊಂಡ ಅವರ ಸಂಸ್ಕಾರವನ್ನು ನಾನು ಸಾಯುವವರೆಗೂ ಮರೆಯಲಾರೆ.

ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಮಟಿಲ್ಡಾ ಚಾ ಹಿಡಿದು ಗಾಡಿಯ ಹತ್ತಿರ ಬಂದಳು. ಮುಖ ಅರಳಿತ್ತು. ನಾಲ್ಕು ತಿಂಗಳಿಂದ ಕಣ್ಣ ಕೆಳಗಿದ್ದ ಕಪ್ಪು ಕಾಣಲೇ ಇಲ್ಲ. ನನಗೆ ನಿಜಕ್ಕೂ ಖುಷಿಯಾಯಿತು.

"ಎಷ್ಟು ಗಂಟೆ ನಿದ್ದೆಯಾಯ್ತು?" ಮೆಲ್ಲನೆ ಕೇಳಿದೆ.

"ಹನ್ನೊಂದು! ಮದುವೆಯಾದ ಮೇಲೆ ಇಂಥ ನಿದ್ದೆ ಮಾಡಿದ್ದೇ ಇಲ್ಲ."

ನನ್ನ ಎದೆ ಮತ್ತೆ ಉಬ್ಬಿತು. "ನೋಡಿದೆಯಾ? ಮರುಭೂಮಿ ಅಂದ್ರೆ ಹಾಗೆ!"

"ಹೌದು, ನೀವು ಹೇಳಿದ್ದು ಸರಿಯೇ. ಫಾಹಿಮಾ ಮಾರ್ಚಿನವರೆಗೆ ಟೆಂಟ್ ತೆಗೆಯುವುದಿಲ್ಲವಂತೆ. ಮುಂದಿನ ರಜೆಗೂ ಬರ್ತೇನೆ ಅಂತ ಹೇಳಿಬಿಟ್ಟೆ."

"ಬರುವ, ಖಂಡಿತ ಬರುವ!"

"ನೀವು ಬಿಟ್ಟು ಹೋದ್ರೆ ಸಾಕು ಮಾರಾಯ್ರೆ. ಮರುದಿನ ಈ ಹೊತ್ತಿಗೆ ಕರ್ಕೊಂಡು ಹೋಗ್ಲಿಕ್ಕೆ ಬನ್ನಿ."