ಮೂರು ಬೆರಳಿನ ಅಳತೆ

ಹಲ್ಲಿನ ವಿಷಯ ಹೇಳಾಕೆ ಹೋದವನಿಗೆ ಮರ್ಯಾದೆ ಉಳಿಯೋದು ಕಷ್ಟ. ತಿಂಗಳಿಗೊಂದು ಸಲವಾದರೂ ನನ್ನದು ಹೋಗುತ್ತೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಪ್ರೈಮರಿ ಶಾಲೆಗಳಿಗೆ ಅಲೆಯೋದು ನನ್ನ ಕೆಲಸ. ಕೈಚೀಲದಲ್ಲಿ ಪ್ಲಾಸ್ಟರಿನ ದೊಡ್ಡ ಹಲ್ಲಿನ ಸೆಟ್ಟು, ಮೊಳದುದ್ದದ ಬ್ರಷ್ಷು, ಕಿಸೆಯಲ್ಲಿ ಅಡಿಕೆ. ಚಾಕ್ಲೇಟು ಬೇಡ, ಐಸ್‌ಕ್ಯಾಂಡಿ ಬೇಡ, ಅಡಿಕೆಯಂತೂ ಬೇಡವೇ ಬೇಡ ಅಂತ ಮಕ್ಕಳಿಗೆ ಹೇಳಿ, ಕಾಂಪೌಂಡು ದಾಟಿದ ಕೂಡಲೇ ನಾನು ಬಾಯಿಗೆ ಹಾಕೋದು. ಎರಡು ವರ್ಷದಿಂದ ದವಡೆ ಬಿಗಿಯುತ್ತಾ ಬಂದಿದೆ. ಖಾರ ತಗುಲಿದರೆ ಕೆನ್ನೆಯ ಒಳಗೆಲ್ಲ ಉರಿ. ಇದೇನು ಅಂತ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ, ಕ್ಯಾನ್ಸರ್ ಅಂದುಬಿಟ್ಟರೆ ಅಂತ ಹೆದರಿ ಡಾಕ್ಟರ ಹತ್ತಿರ ಹೋಗಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಮುದ್ದೆಯನ್ನು ಗೋಲಿಯಷ್ಟು ಗೋಲಿಯಷ್ಟು ಮುರಿದು ನುಂಗೋದು ನೋಡಿ, ತನ್ನ ಸಾರು ನನಗೆ ಸೇರಲ್ಲ ಅಂತ ಅವಳು ಮುನಿಸಿಕೊಂಡಿದ್ದಳು.

ಒಂದು: ಜಗಳೂರಿನ ಬಿಳಿ ಹಲ್ಲು

ಆ ಕಡೆಗೆ ಮೊದಲ ಸಲ ಹೋಗಿದ್ದೆ. ಒಂದು ಶಾಲೆಯಲ್ಲಿ ಮಕ್ಕಳ ಹಲ್ಲೆಲ್ಲ ಕಂದು ಕಂದು. ಮುಂದೆ ಕೂತಿದ್ದ ಹುಡುಗನಿಗೆ ಚೆನ್ನಾಗಿ ಬೈದೆ. ಅವನು ತುಟಿ ಎತ್ತಿ ತೋರಿಸಿದ. ಉಜ್ಜಿ ಉಜ್ಜಿ ವಸಡು ಕಿತ್ತುಹೋಗಿತ್ತು.

ಟೀಚರ್ ಮೆಲ್ಲಗೆ ಹೇಳಿದರು, "ಇಲ್ಲಿ ಬೋರಿನ ನೀರಿನಾಗೆ ಫ್ಲೋರೈಡ್ ಜಾಸ್ತಿ ಐತೆ ಸಾರ್. ಎಷ್ಟು ಉಜ್ಜಿದ್ರೂ ಆ ಬಣ್ಣ ಹೋಗಲ್ಲ."

ಬೈದ ತಪ್ಪು ಮುಚ್ಚಿಕೊಳ್ಳಾಕೆ ಹುಡುಗನ ತಲೆ ಸವರಿ, "ಊರಲ್ಲಿ ಯಾರ ಹಲ್ಲೂ ಬೆಳ್ಳಗಿಲ್ವೇನಪ್ಪ?" ಅಂದೆ.

"ನಮ್ಮಜ್ಜಂದು ಐತೆ ಸಾರ್. ರಾತ್ರಿ ಬಿಚ್ಚಿ ಲೋಟದಾಗೆ ಇಡ್ತಾನೆ."

ಎರಡು: ಹೊನ್ನಾಳಿ ಕಡೆಯ ಬೀರು

ಒಂದು ಶಾಲೆಗೆ ಮಕ್ಕಳಿಗೊಂದೊಂದು ಬ್ರಷ್ಷು ಹಂಚಿ ಬಂದಿದ್ದೆ. ಮೂರು ತಿಂಗಳು ಬಿಟ್ಟು ಹೋದರೆ ಹುಳುಕು ಹಲ್ಲು ಇನ್ನೂ ನಾಲ್ಕು ಹೆಚ್ಚಾಗಿದ್ದವು. ಬ್ರಷ್ಷು ಎಲ್ಲಿ ಅಂತ ಕೇಳಿದರೆ ಮಕ್ಕಳೆಲ್ಲ ಹೆಡ್‌ಮಾಸ್ಟರ ರೂಮಿನ ಕಡೆ ಕೈ ತೋರಿಸಿದವು.

ಹೆಡ್‌ಮಾಸ್ಟರು ಹೆಮ್ಮೆಯಿಂದ ಬೀರು ತೆಗೆದರು. ಹೆಸರು ಬರೆದು, ರಬ್ಬರ್ ಬ್ಯಾಂಡ್ ಹಾಕಿ, ಎಲ್ಲಾ ಬ್ರಷ್ಷೂ ಹೊಸದಾಗೇ ಇದ್ದವು.

"ಮಕ್ಕಳ ಕೈಗೆ ಕೊಟ್ರೆ ಕಳೀತಾವೆ ಸಾರ್. ನಾಳೆ ಇನ್‌ಸ್ಪೆಕ್ಷನ್ನಿಗೆ ಬಂದ್ರೆ ನಾನು ಏನು ತೋರಿಸ್ಲಿ?"

"ಹಲ್ಲು ಹೋಗ್ತಾವಲ್ರೀ."

ಅವರು ಬೀರಿಗೆ ಬೀಗ ಹಾಕಿದರು. "ಹಲ್ಲು ನಮ್ಮ ಸ್ಟಾಕಿನಾಗೆ ಬರಲ್ಲ ಸಾರ್."

ಮೂರು: ನ್ಯಾಮತಿಯ ಹೋಂವರ್ಕ್

ಅಡಿಕೆ ಅಗಿದು ಅಗಿದು ಬಾಯಿ ಬಿಗಿಯೋದನ್ನು ಕಂಡುಹಿಡಿಯಾಕೆ ಸುಲಭದ ದಾರಿ ಒಂದಿದೆ. ಅವರವರ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಬೇಕು. ಹಿಡಿಸದಿದ್ದರೆ ಆಸ್ಪತ್ರೆಗೆ ಚೀಟಿ. ಮನೆಯವರನ್ನೆಲ್ಲ ಅಳತೆ ಮಾಡಿಕೊಂಡು ಬನ್ನಿ ಅಂತ ನ್ಯಾಮತಿ ಕಡೆಯ ಶಾಲೆಯೊಂದರ ಮಕ್ಕಳಿಗೆ ಹೇಳಿದ್ದೆ.

ಒಬ್ಬಳು ಎದ್ದು, "ನಮ್ಮಜ್ಜಿಗೆ ಐದು ಬೆರಳೂ ಹಿಡಿಸ್ತಾವೆ ಸಾರ್, ಹಲ್ಲೇ ಇಲ್ಲ" ಅಂದಳು. ಅಜ್ಜಿಗೆ ಎಲ್ಲರೂ ಚಪ್ಪಾಳೆ ಹೊಡೆದೆವು.

ಇನ್ನೊಬ್ಬ, "ನಮ್ಮಪ್ಪ ಪಾಸ್ ಸಾರ್" ಅಂತ ಬೆರಳು ಅಡ್ಡ ಮಲಗಿಸಿ ಇಟ್ಟು ತೋರಿಸಿದ.

"ಮಲಗಿಸೋದಲ್ಲಪ್ಪ, ನಿಲ್ಲಿಸಬೇಕು."

"ನಿಲ್ಸಿದ್ರೆ ಹಿಡಿಸಲ್ಲ ಸಾರ್. ಅದಕ್ಕೇ ನಮ್ಮಪ್ಪ ಮಲಗಿಸಿದ್ದು."

ನಗು ಬಂತು. ಚೀಟಿ ಬರೆದು ಕೊಟ್ಟೆ. ಕಾಂಪೌಂಡು ದಾಟಿದ ಮೇಲೆ ಅಭ್ಯಾಸಬಲಕ್ಕೆ ಕೈ ಕಿಸೆಗೆ ಹೋಯ್ತು. ನಾಚಿಕೆ ಆಯ್ತು, ಆದರೂ ಹಾಕಿಕೊಂಡೆ.

ನಾಲ್ಕು: ಚನ್ನಗಿರಿಯ ಆರೋಗ್ಯ ಮಂತ್ರಿ

ಚನ್ನಗಿರಿ ತಾಲೂಕಿನ ಒಂದು ಶಾಲೆಯಲ್ಲಿ ಐದನೇ ಕ್ಲಾಸಿನ ಹುಡುಗಿ ಆರೋಗ್ಯ ಮಂತ್ರಿ. ಮಕ್ಕಳೇ ಓಟು ಹಾಕಿ ಆರಿಸಿದ್ದು. ನಾನು ಬೆರಳಿನ ಅಳತೆ ಹೇಳಿಕೊಟ್ಟಿದ್ದೇ ತಡ, ಅವಳು ಚೀಟಿ ಪುಸ್ತಕ ಹಿಡಿದು ಕ್ಲಾಸು, ಟೀಚರು, ಅಡುಗೆಯಕ್ಕ ಎಲ್ಲರ ಬಾಯಿಯ ಅಳತೆ ಮುಗಿಸಿ ಬಂದಳು.

"ಒಬ್ರು ಉಳಿದಾರೆ ಸಾರ್."

"ಯಾರಮ್ಮ?"

"ನೀವು."

ಇಡೀ ಕ್ಲಾಸು ನನ್ನನ್ನೇ ನೋಡುತ್ತಿತ್ತು. ಬೇರೆ ದಾರಿ ಕಾಣದೆ ಮೂರು ಬೆರಳು ಮಲಗಿಸಿ ಇಟ್ಟೆ.

"ನಿಲ್ಸಿ ಇಡ್ರಿ ಸಾರ್."

ನಿಲ್ಲಿಸಿದೆ. ಎರಡಕ್ಕೇ ನಿಂತಿತು. ಒಂದು ಮಗುವೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು. ಅವಳು ಕೂತು ಬರೆದಳು: ಹೆಸರು, ಹಲ್ಲಿನ ಸಾರ್. ಬೆರಳು, ಎರಡು.

"ಪೋಷಕರ ಸಹಿ ಮಾಡಿಸ್ಕೊಂಡು ಬರ್ರಿ."

"ಅಪ್ಪ ಅಮ್ಮ ಇಬ್ಬರೂ ಇಲ್ಲಮ್ಮ ನನಗೆ."

"ಹಂಗಾದ್ರೆ ಹೆಂಡ್ತಿ ಹತ್ರ ಮಾಡಿಸ್ರಿ."

ಆ ಚೀಟಿ ಎರಡು ದಿನ ಕಿಸೆಯಲ್ಲಿ ಅಡಿಕೆ ಜೊತೆಗೇ ಇತ್ತು. ಮೂರನೇ ದಿನ ಹೆಂಡತಿಯ ಮುಂದಿಟ್ಟೆ. ಎರಡು ಸಲ ಓದಿದಳು. "ಅಂದ್ರೆ ನನ್ನ ಸಾರು ಚೆನ್ನಾಗೇ ಇತ್ತಾ?" ಅಂದಳು. ಆಮೇಲೆ ಸೆರಗು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ ಸಹಿ ಹಾಕಿ, ಮಾರನೇ ದಿನ ತಾನೇ ಆಸ್ಪತ್ರೆಗೆ ಕರಕೊಂಡು ಹೋದಳು.

ಡಾಕ್ಟರು ಕೆನ್ನೆಯೊಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸದ್ಯಕ್ಕೆ ಕೆಟ್ಟದ್ದೇನಿಲ್ಲ, ಮುಂದಿನದು ಹೇಳಾಕೆ ಬರಲ್ಲ, ಅಡಿಕೆ ಬಿಟ್ಟರೆ ಇದ್ದಷ್ಟಾದರೂ ಉಳಿಯಬಹುದು ಅಂದರು. ದಿನಾ ಹಲ್ಲಿನ ನಡುವೆ ಐಸ್‌ಕ್ಯಾಂಡಿ ಕಡ್ಡಿ ಒಂದರ ಮೇಲೊಂದು ತೂರಿಸಿ ಬಾಯಿ ಹಿಗ್ಗಿಸಬೇಕಂತೆ. ಅಡಿಕೆ ಬಿಟ್ಟೆ. ಕಡ್ಡಿ ಹಿಡಿದೆ.

ಮುಂದಿನ ತಿಂಗಳು ಮಂತ್ರಿಗೆ ಸಹಿ ಮಾಡಿದ ಚೀಟಿ ಒಪ್ಪಿಸಿದೆ. ಅವಳು ಮತ್ತೆ ಅಳತೆ ಮಾಡಿಸಿದಳು. ಎರಡೇ.

"ಕಿಸೆ ತೋರಿಸ್ರಿ ಸಾರ್."

ಈ ಸಲ ನನಗೆ ಹೆದರಿಕೆ ಇರಲಿಲ್ಲ. ಕಿಸೆ ಪೂರಾ ಹೊರಗೆ ಎಳೆದು ತೋರಿಸಿದೆ. ಅಡಿಕೆಯ ಒಂದು ಚೂರೂ ಇರಲಿಲ್ಲ. ಹನ್ನೆರಡು ಕಡ್ಡಿ ನೆಲಕ್ಕೆ ಬಿದ್ದವು.

ಅವಳು ಒಂದೊಂದೇ ಆರಿಸಿ, ನನ್ನ ಮುಖ ನೋಡಿ, ಬೇಜಾರಿನಿಂದ ಇನ್ನೊಂದು ಚೀಟಿ ಹರಿದಳು.

"ಹನ್ನೆರಡು ಐಸ್‌ಕ್ಯಾಂಡಿ ತಿಂದೀರಲ್ಲ ಸಾರ್. ಇದಕ್ಕೂ ಹೆಂಡ್ತಿ ಸಹಿ ಬೇಕು."