ನೀಲಿ ಸಿಗಡಿ ಮತ್ತು ನನ್ನ ಒಬ್ಬಂಟಿ ಧರಣಿ

ಚಳವಳಿ ಮುಗಿದ ಮೇಲೆ ಚಳವಳಿಗಾರನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎಂಥ ಕಷ್ಟವೆಂದು ನನ್ನ ಹೆಂಡತಿ ಸಿದ್ದವ್ವನನ್ನು ಕೇಳಬೇಕು. ಇಪ್ಪತ್ತೈದು ವರ್ಷ ರಸ್ತೆ ತಡೆ, ರೈಲು ತಡೆ, ಕಚೇರಿಗೆ ಬೀಗ ಎಂದು ಅಲೆದವನು ನಾನು. ಈಗ ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ ಕುಳಿತು ಸಾರಿಗೆ ಉಪ್ಪು ಕಡಿಮೆಯಾದರೂ ಧಿಕ್ಕಾರ ಕೂಗುವ ಹಂತಕ್ಕೆ ಬಂದಿದ್ದೆ. ಹಾವೇರಿಯ ಡಾಕ್ಟರು ನನ್ನ ಬಿ.ಪಿ. ನೋಡಿ ಗಾಬರಿಯಾಗಿ, "ಗಾಜಿನ ಪೆಟಗಿ ಒಳಗ ಮೀನ ಸಾಕ್ರಿ. ನೋಡ್ಕೋತ ಕುಂತ್ರ ಸಿಟ್ಟು ಇಳೀತೈತಿ" ಎಂದರು.

"ಲಿಂಗವಂತರ ಮನ್ಯಾಗ ಮೀನಾ?" ಎಂದಳು ಸಿದ್ದವ್ವ.

"ಸಾಕಾಕ. ತಿನ್ನಾಕಲ್ಲ."

"ಅದನ್ನ ಮನಿಮನಿಗೆ ಕರಪತ್ರ ಹಂಚಿ ಹೇಳಿ ಬರ್ತೀರೇನು?"

ನಾನು ಬಗ್ಗಲಿಲ್ಲ. ಅಂಗಡಿಯ ಬಣ್ಣದ ಮೀನು ಶ್ರೀಮಂತರ ಶೋಕಿ, ನಮ್ಮ ನೆಲದ ಜೀವಿಯನ್ನೇ ಸಾಕಬೇಕೆಂದು ಬಕೆಟ್ ಹಿಡಿದು ಹೊಸರಿತ್ತಿಗೆ ಹೋಗಿ ವರದಾ ನದಿಗೆ ಇಳಿದೆ. ಸಿಕ್ಕದ್ದು ಎರಡು. ಒಂದು ಹಾವುಮೀನು, ಅದು ಮರುದಿನವೇ ಪೆಟ್ಟಿಗೆ ಹಾರಿ ರುಬ್ಬುಗಲ್ಲಿನ ಹಿಂದೆ ಒಣಗಿ ಬಿದ್ದಿತ್ತು. ಇನ್ನೊಂದು ಏಡಿ, ಅದು ನನ್ನ ಹೆಬ್ಬೆರಳನ್ನು ಹಿಡಿದದ್ದು ಬಿಡಲೇ ಇಲ್ಲ. (ಪೊಲೀಸರೂ ನನ್ನನ್ನು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.) ಕೊನೆಗೆ ಸಿದ್ಧಾಂತವನ್ನು ಮಡಚಿ ಜೇಬಿಗಿಟ್ಟು, ರಾಣೇಬೆನ್ನೂರಿನ ದಾದಾಪೀರನ ಮೀನಿನ ಅಂಗಡಿಗೆ ಹೋದೆ. ಐದು ಗೋಲ್ಡ್‌ಫಿಶ್ ತಂದೆ. ಜೊತೆಗೆ ಒಂದು ನೀಲಿ ಸಿಗಡಿ.

ಸಿಗಡಿ ಎಂದದ್ದು ನಾನು. ದಾದಾಪೀರ ಅದನ್ನು ಕ್ರೇಫಿಶ್ ಎಂದ. ಗೇಣುದ್ದದ ಮೈ, ಏಡಿಯಂಥ ಎರಡು ಕೊಂಡಿ, ಸಿಗಡಿಯಂಥ ಬಾಲ. ಯಾವುದೋ ಅಂತರ್ಜಾತಿ ಮದುವೆಯ ಫಲದಂತಿತ್ತು. ಬಣ್ಣ ಮಾತ್ರ ಇಳಕಲ್ ಸೀರೆಯ ಅಚ್ಚ ನೀಲಿ. ಊರಿಗೆ ಊರೇ ಮೆಣಸಿನಕಾಯಿ ಹರವಿಕೊಂಡು ಕೂತ ಬ್ಯಾಡಗಿಯಲ್ಲಿ ಕೆಂಪು ನೋಡಿ ನೋಡಿ ಸೋತ ಕಣ್ಣಿಗೆ ಆ ನೀಲಿ ತಂಪಾಗಿತ್ತು. ನನ್ನ ಕಣ್ಣಿಗಿಂತ ಸಿದ್ದವ್ವನ ಕಣ್ಣಿಗೆ ಹೆಚ್ಚು.

ಮೊದಲ ದಿನ ದೂರ ನಿಂತಳು. ಎರಡನೇ ದಿನ ಗಜ್ಜರಿಯ ತುಂಡೊಂದನ್ನು ಹಾಕಿದಳು. ಅದು ಎರಡೂ ಕೊಂಡಿಯಲ್ಲಿ ಹಿಡಿದು ಚಪ್ಪರಿಸಿತು.

"ಅಯ್ಯ, ಇದು ಕಾಯಿಪಲ್ಯಾ ತಿಂತೈತ್ರೀ! ನಮ್ಮ ಪೈಕಿನ ಐತಿ!"

ಅಂದಿನಿಂದ ಅದು ನೀಲವ್ವ. ಬೇಯಿಸಿದ ಪಾಲಕ್ ಅದಕ್ಕೆ ಮೊದಲು, ನನಗೆ ಆಮೇಲೆ. ವಾರದೊಳಗೆ ಐದೂ ಗೋಲ್ಡ್‌ಫಿಶ್ ಒಂದೊಂದಾಗಿ ಮಾಯವಾದವು. ಹಗಲು ಗಜ್ಜರಿ, ಕತ್ತಲಾದರೆ ಬೇರೆ ಊಟ ಮಾಡುವ ಮುಖಂಡರನ್ನು ನಾನು ಬೇಕಾದಷ್ಟು ಕಂಡವನು. ಆದರೆ ಸಿದ್ದವ್ವ ನಂಬಲಿಲ್ಲ. "ನೀವ ನೀರು ಬದಲಿಸೂ ಮುಂದ ಚೆಲ್ಲೀರಿ" ಎಂದಳು.

ಒಂದು ಮಧ್ಯಾಹ್ನ ಅವಳು ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕುಳಿತು ಹೇಳಿದ ಮಾತು ನೆನಪಿದೆ: "ಎಮ್ಮಿ ಸಾಕಿದೆ, ಹಾಲಿಗೆ. ಎತ್ತು ಸಾಕಿದೆ, ಹೊಲಕ್ಕ. ಇದೊಂದ ನೋಡ್ರಿ, ಏನೂ ಕೊಡಂಗಿಲ್ಲ. ಸುಮ್ನ ನೋಡಾಕ ಐತಿ." ಐವತ್ತೆಂಟು ವರ್ಷದ ಹೆಂಗಸಿಗೆ ಸುಮ್ಮನೆ ನೋಡಲು ಸಿಕ್ಕ ಮೊದಲ ವಸ್ತು ಅದು.

ನಾಲ್ಕನೇ ತಿಂಗಳು, ಒಂದು ಬೆಳಿಗ್ಗೆ ನೋಡಿದರೆ ನೀಲವ್ವ ಅಂಗಾತ ಬಿದ್ದಿದೆ. ಕೊಂಡಿ, ಮೀಸೆ, ಕಣ್ಣು ಎಲ್ಲ ಇದೆ, ಅಲುಗಾಟವಿಲ್ಲ. ಸಿದ್ದವ್ವ ಸೆರಗು ಬಾಯಿಗೆ ಹಚ್ಚಿದಳು. ನನ್ನ ಬಿ.ಪಿ. ಗಗನಕ್ಕೇರಿತು.

"ರೋಗಿಷ್ಟ ಮಾಲು ಕೊಟ್ಟಾನ ಆ ದಾದಾಪೀರ! ಇವತ್ತ ಅವನ ಅಂಗಡಿ ಮುಂದ ಧರಣಿ!"

"ಮೊದಲ ಒಂದು ಫೋನ್ ಹಚ್ಚಿ ಕೇಳ್ರಿ. ನಂಬರ್ ಚೀಟಿ ನಿಮ್ಮ ಕಿಸೆದಾಗ ಐತಿ."

"ಹೋರಾಟಗಾರ ಫೋನ್ ಹಚ್ಚಂಗಿಲ್ಲ. ನೇರ ಹೋಗ್ತಾನ!"

ಹೋಗುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಸಾವಿನ ಮನೆಯಲ್ಲಿ ತುಂಬಿಟ್ಟ ನೀರು ಚೆಲ್ಲಿ, ಪಾತ್ರೆ ಪಡಗ ತೊಳೆದು ಬಿಸಿಲಿಗಿಡುವುದು ನಮ್ಮ ಮನೆತನದ ರೂಢಿ. (ಸೂತಕವೆಂಬುದೇ ಸುಳ್ಳು ಎಂದು ವೇದಿಕೆ ಹತ್ತಿ ಗುಡುಗಿದವನೂ ನಾನೇ. ವೇದಿಕೆ ಬೇರೆ, ಹಿತ್ತಲು ಬೇರೆ.) ಪೆಟ್ಟಿಗೆಯ ನೀರನ್ನು ಗಟಾರಕ್ಕೆ ಸುರಿದೆ. ಕಲ್ಲು, ಮರಳು, ನೀಲವ್ವ ಅಡಗಿ ಕೂರುತ್ತಿದ್ದ ಪೈಪಿನ ತುಂಡು, ಎಲ್ಲವನ್ನೂ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಎಸೆದೆ. ಸಾಕ್ಷ್ಯವನ್ನು ಸ್ಟೀಲಿನ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ರಾಣೇಬೆನ್ನೂರಿನಲ್ಲಿ ಅಂಗಡಿ ಮುಂದೆ ಟವೆಲ್ ಹಾಸಿ ಕುಳಿತು "ದಾದಾಪೀರನಿಗೆ ಧಿಕ್ಕಾರ!" ಎಂದು ಕೂಗಿದೆ. ಹತ್ತು ಜನ ಸೇರಿದರು. ಕಬ್ಬಿನ ಹಾಲಿನವನಂತೂ ಕಾರಣವನ್ನೂ ಕೇಳದೆ ಎರಡು ಸಲ ಧಿಕ್ಕಾರ ಕೂಗಿ ಹೋದ. ಬಹಳ ವರ್ಷಗಳ ಮೇಲೆ ಮೈಯಲ್ಲಿ ಜೀವ ಬಂದಂತಾಯಿತು. ಸುಳ್ಳೇಕೆ ಹೇಳಲಿ, ನೀಲವ್ವ ಸತ್ತದ್ದೇ ಅರ್ಧ ಗಂಟೆ ಮರೆತುಹೋಗಿತ್ತು.

ದಾದಾಪೀರ ಹೊರಗೆ ಬಂದ. "ಕಾಕಾ, ಸ್ವಲ್ಪ ಒದರೂದು ನಿಂದ್ರಸ್ರಿ. ಡಬ್ಬಿ ಕೊಡ್ರಿ ಇಲ್ಲೆ."

ಸಾಕ್ಷ್ಯವನ್ನು ಎತ್ತಿ ಬಿಸಿಲಿಗೆ ಹಿಡಿದ. ಬೆಳಕು ಆ ಬದಿಯಿಂದ ಈ ಬದಿಗೆ ಬಂತು.

"ಒಳಗ ಯಾರೂ ಇಲ್ರಿ. ಮನಿ ಖಾಲಿ."

"ಅಂದ್ರ?"

"ಹಾವು ಪೊರಿ ಬಿಟ್ಟಂಗ ಬಿಟ್ಟೈತಿ, ಕಾಕಾ. ಬೆಳೀಬೇಕಂದ್ರ ಹಳೇ ಚಿಪ್ಪು ಕಳಚಲೇಬೇಕು. ಖರೇ ಪ್ರಾಣಿ ಮೈ ಬೆಣ್ಣಿ ಆಗಿ ಎರಡು ದಿನ ಎಲ್ಲೆರ ಅಡಗಿ ಕುಂದರತೈತಿ. ಪೈಪಿನಾಗ ನೋಡಿದ್ರಿಲ್ಲ?"

ಹೊಲದಲ್ಲಿ ನೂರು ಸಲ ಹಾವಿನ ಪೊರೆ ಕಂಡವನು ನಾನು. ಬದುವಿನ ಮೇಲೆ ಕೋಲಿನಿಂದ ಎತ್ತಿ ಬಿಸಾಡಿದವನು. ಆ ಅಂಗಡಿಯಿಂದಲೇ ಮನೆಗೆ ಫೋನ್ ಹಚ್ಚಿದೆ.

"ಸಿದ್ದವ್ವ, ಲಗೂ ಹಿತ್ತಲಕ್ಕ ಹೋಗು! ಆ ಪೈಪಿನಾಗ ನೋಡು! ನೀಲವ್ವ ಸತ್ತಿಲ್ಲ!"

ರಿಸೀವರ್ ಕೆಳಗಿಟ್ಟ ಸದ್ದು. ಅವಳು ಓಡಿದ ಸದ್ದು. ದಾದಾಪೀರ ಚಹಾ ತಂದಿಟ್ಟ. ಅದು ಆರಿತು.

"ಹಲೋ? ಸಿಕ್ತೇನು?"

"ಪೈಪ್ ಕೈಯಾಗ ಹಿಡಿಯಾಕಾಗವಲ್ದು, ಅಷ್ಟು ಕಾದೈತಿ" ಎಂದಳು. "ಬರ್ರಿ ಮನಿಗೆ" ಎಂದು ಇಟ್ಟುಬಿಟ್ಟಳು.

ಬಂದಾಗ ನೀಲವ್ವ ಬಾಳೆ ಎಲೆಯ ಮೇಲಿತ್ತು. ಮೊದಲಿಗಿಂತ ದೊಡ್ಡದು, ಇನ್ನೂ ಚೆಂದದ ನೀಲಿ. ದಾದಾಪೀರ ಸುಮ್ಮನೆ ಕೊಟ್ಟ ಇನ್ನೊಂದು ಮರಿ ಚೀಲದಲ್ಲಿತ್ತು. ತೋರಿಸಿದೆ.

"ವಾಪಸ್ ಕೊಟ್ಟು ಬರ್ರಿ" ಎಂದಳು. "ಅದೂ ಮುಂದ ಚಿಪ್ಪು ಬಿಡತೈತಿ. ಆವತ್ತೂ ನೀವ ಮನ್ಯಾಗ ಇರ್ತೀರಿ." ಅಳಲಿಲ್ಲ, ಕೂಗಲಿಲ್ಲ. "ನೀವು ಬಳ್ಳಾರಿ ಜೈಲಿನಾಗ ಇದ್ದಾಗ ಮೆಣಸಿನಕಾಯಿ ತೊಟ್ಟು ಬಿಡಿಸಿ ಮನಿ ನಡೆಸೀನಿ. ಯಾಕ ಹೋದ್ರಿ ಅಂತ ಒಂದಿನ ಕೇಳಿಲ್ಲ. ಇವತ್ತ ಒಂದು ಫೋನ್ ಹಚ್ರಿ ಅಂದೆ. ಅಷ್ಟ."

ಸಾವಿರ ಜನರ ಮುಂದೆ ಒಂದು ಗಂಟೆ ಮಾತಾಡಿದವನು ನಾನು. ಗುದ್ದಲಿ ತಂದು ದಾಸವಾಳದ ಗಿಡದ ಬುಡದಲ್ಲಿ ಅಗೆಯತೊಡಗಿದೆ.

ಪಕ್ಕದ ಮನೆಯ ಜಯವ್ವ ಗೋಡೆಯ ಮೇಲಿಂದ ಇಣುಕಿದಳು. "ಏನ್ ಹೂಳಾಕತ್ತೀರಿ, ಯಕ್ಕಾ?"

"ಇವರ ಅವಸರ" ಎಂದಳು ಸಿದ್ದವ್ವ.

ಜಯವ್ವ ತೆಗ್ಗನ್ನು ನೋಡಿದಳು, ನನ್ನನ್ನು ನೋಡಿದಳು. "ಅದಕ್ಕ ಇಷ್ಟು ಸಣ್ಣ ತೆಗ್ಗು ಹೆಂಗ ಸಾಕಾಗತೈತಿ?"

ನಾನು ಅಗೆಯುತ್ತಲೇ ಇದ್ದೆ.