ಕ್ರೇನ್ ಪರೀಕ್ಷಕನ ಯೋಗ್ಯತೆ

ಇಲ್ಲಿ ಅಮೆರಿಕದಲ್ಲಿ ದೊಡ್ಡ ಕ್ರೇನ್ ನಡೆಸುವವನಿಗೆ ಲೈಸೆನ್ಸ್ ಬೇಕು. ಅದನ್ನು ಕೊಡುವ ಮೊದಲು ಅವನನ್ನು ಕ್ರೇನ್ ಹತ್ತಿಸಿ, ಕೆಳಗೆ ಕ್ಲಿಪ್‌ಬೋರ್ಡ್ ಹಿಡಿದು ನಿಂತು ಪರೀಕ್ಷೆ ಮಾಡುವವನೊಬ್ಬ ಬೇಕು. ಅವನು ನಾನು. ಹಾಗೆ ಪರೀಕ್ಷೆ ಮಾಡುವ ಯೋಗ್ಯತೆ ನನಗಿದೆ ಅಂತ ಹೇಳುವ ಇನ್ನೊಂದು ಪತ್ರ ಬೇಕು. ಅದಕ್ಕೆ ಅಕ್ರೆಡಿಟೇಶನ್ ಅಂತಾರೆ. ಆ ಒಂದು ಹಾಳೆಗಾಗಿ ನನ್ನ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ಹೋದವು. 'ಇದಕ್ಕಿಂತ ಕೆಟ್ಟದ್ದು ಇನ್ನೇನು ಆಗೋದಕ್ಕೆ ಸಾಧ್ಯ' ಅಂತ ನಾನು ಅಂದುಕೊಂಡ ವಾರವೇ ಆ ಹಾಳೆ ಕೊಡುವ ಸಂಸ್ಥೆಯ ಹೆಡ್ ಆಫೀಸಿನಿಂದ ಹೊಸ ಈಮೇಲ್ ಬರುತ್ತದೆ.

೧. ತೀರಿಕೊಂಡವರ ಸಹಿ

ಮೊದಲ ಸಲ ಅರ್ಜಿ ಹಾಕಿದಾಗ ಹಳೆಯ ಅನುಭವಕ್ಕೆ ಪುರಾವೆ ಕೇಳಿದರು. ಇಲ್ಲಿಗೆ ಬರುವ ಮೊದಲು ಬಳ್ಳಾರಿ ಕಡೆಯ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಕ್ರೇನ್ ನಡೆಸಿದವನು ನಾನು. ಅಲ್ಲಿನ ಸೂಪರ್‌ವೈಸರ್ ಸಹಿ ಮಾಡಿದ ಪತ್ರ ಬೇಕು ಅಂದರು. ಆ ಪುಣ್ಯಾತ್ಮರು ತೀರಿಕೊಂಡು ಬಹಳ ಕಾಲವಾಗಿತ್ತು. ಹಾಗಂತಲೇ ಬರೆದೆ. ಉತ್ತರ ಬಂತು: "ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಅವರಿಗೆ ಸಹಿ ಹಾಕಲು ಅನುಕೂಲವಾಗುವ ದಿನವನ್ನು ದಯವಿಟ್ಟು ತಿಳಿಸಿ."

ಫೋನ್ ಮಾಡಿದೆ. ಆಫೀಸಿನ ಹೆಂಗಸು ತುಂಬಾ ಮೃದುವಾಗಿ, "ಅವರ ಜಾಗಕ್ಕೆ ಬಂದವರು?" ಅಂದಳು.

"ಅವರೂ ಇಲ್ಲ. ಆ ಶೆಡ್ಡೂ ಇಲ್ಲ."

"ನಿಮ್ಮನ್ನು ಕ್ರೇನ್ ಮೇಲೆ ನೋಡಿದವರು ಒಬ್ಬರಾದರೂ ಬದುಕಿದ್ದಾರಾ?"

ಒಬ್ಬರಿದ್ದರು. ಸ್ಟೋರ್ ಕೀಪರ್, ರಿಟೈರ್ ಆಗಿ ಹೊಸಪೇಟೆಯಲ್ಲಿದ್ದರು. ಫೋನಿನಲ್ಲಿ ವಿಷಯ ಕೇಳಿ, "ಅದಕ್ಕೇನಪಾ, ನಿನಗಲ್ಲದ ಮತ್ಯಾರಿಗೆ ಬರೀಲಿ?" ಅಂತ ಉತ್ಸಾಹದಿಂದ ತಾವೇ ಇಂಗ್ಲಿಷಿನಲ್ಲಿ ಬರೆದು, ಫೋಟೋ ತೆಗೆದು ಕಳಿಸಿದರು. ಓದಿದೆ, ಜೀವ ಬಾಯಿಗೆ ಬಂತು. ಅದರಲ್ಲಿದ್ದದ್ದು ಒಂದೇ ಮಾತು: "ಈತ ಕ್ರೇನ್ ಹತ್ತಿದನೆಂದರೆ, ಇಳಿಯುವವರೆಗೂ ನಾವ್ಯಾರೂ ಅದರ ಕೆಳಗೆ ಹಾಯುತ್ತಿರಲಿಲ್ಲ."

ಅಂದೇ ಕೊನೆಯ ದಿನ. ಬೇರೆ ಪತ್ರ ಬರೆಸಲು ಹೊತ್ತಿಲ್ಲ. ಕಣ್ಣು ಮುಚ್ಚಿಕೊಂಡು ಕಳಿಸಿದೆ. ಎರಡೇ ದಿನಕ್ಕೆ ಮಂಜೂರಾಯಿತು. ಜೊತೆಗೊಂದು ಟಿಪ್ಪಣಿ: "ನಮಗೆ ಬಂದ ಪತ್ರಗಳಲ್ಲೇ ಶ್ರೇಷ್ಠ. ಎತ್ತಿದ ಭಾರದ ಕೆಳಗೆ ಯಾರೂ ಸುಳಿಯಬಾರದೆಂಬ ಶಿಸ್ತನ್ನು ನೀವು ಆ ಕಾಲದಲ್ಲೇ ತಂದಿದ್ದಿರಿ."

೨. ಏಳೆಂಟ್ಲ ಐವತ್ತಾರು

ಆಮೇಲೆ ಲಿಖಿತ ಪರೀಕ್ಷೆ. ಅಷ್ಟರಲ್ಲಿ ಕೋವಿಡ್ ಬಂದು ಎಲ್ಲ ಆನ್‌ಲೈನ್ ಆಯಿತು. ಹರ್ನ್‌ಡನ್ ಅನ್ನೋ ಊರಲ್ಲಿ ನಮ್ಮದು ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ಎಲ್ಲೋ ಕೂತ ಮೇಲ್ವಿಚಾರಕನೊಬ್ಬ ಕ್ಯಾಮೆರಾದಲ್ಲಿ ನನ್ನನ್ನೇ ನೋಡುತ್ತಾನೆ. ಗೋಡೆ ತೋರಿಸು ಅಂದ, ತೋರಿಸಿದೆ. ಮೇಜಿನ ಕೆಳಗೆ ತೋರಿಸು ಅಂದ, ತೋರಿಸಿದೆ. ಅಲ್ಲಿ ಅಕ್ಕಿ ಮೂಟೆ ಇತ್ತು. ಅದನ್ನೂ ಸರಿಸಿ ತೋರಿಸಿದೆ.

ಅರ್ಧ ಪರೀಕ್ಷೆಯಾಗಿತ್ತು. ಪರದೆಯ ಮೇಲಿದ್ದ ಕ್ಯಾಲ್ಕುಲೇಟರ್ ನಿಂತುಹೋಯಿತು. ಭಾರದ ಲೆಕ್ಕ ಬಾಯಲ್ಲೇ ಮಾಡಬೇಕು. ನನಗೆ ಬಾಯಿಲೆಕ್ಕ ಬರುವುದು ಮಗ್ಗಿಯಲ್ಲಿ, ಮಗ್ಗಿ ಬರುವುದು ಕನ್ನಡದಲ್ಲಿ, ಅದೂ ಒಂದರಿಂದ ಶುರು ಮಾಡಿದರೆ ಮಾತ್ರ. "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು..." ಅಂತ ಗೊಣಗುತ್ತ ಏಳೆಂಟ್ಲಕ್ಕೆ ಬರುವಷ್ಟರಲ್ಲಿ ಪರದೆ ಕೆಂಪಾಯಿತು.

"ಯಾರ ಜೊತೆ ಮಾತಾಡ್ತಾ ಇದ್ದೀರಿ?"

"ಯಾರ ಜೊತೆಗೂ ಇಲ್ಲ. ಲೆಕ್ಕ."

"ನನಗೆ ರಾಗ ಕೇಳಿಸ್ತು. ಬೇರೆ ಭಾಷೆಯಲ್ಲಿ ಉತ್ತರ ಹೇಳಿಸಿಕೊಳ್ಳೋದು ಅಪರಾಧ. ಪರೀಕ್ಷೆ ರದ್ದು ಮಾಡಬೇಕಾಗುತ್ತೆ."

ರದ್ದಾದರೆ ಒಂದು ವರ್ಷ ಅರ್ಜಿ ಹಾಕುವಂತಿಲ್ಲ. ಐವತ್ತು ದಾಟಿದವನು, ಹೊಸದಾಗಿ ಯಾವ ಕೆಲಸ ಕಲಿಯಲಿ? ಅವನಿಗೇ ಕರುಣೆ ಬಂತೋ ಏನೋ, ದನಿ ತಗ್ಗಿಸಿ, "ಅದು ಪ್ರಾರ್ಥನೆಯಾಗಿದ್ದರೆ ಮಾತ್ರ ಅವಕಾಶ ಇದೆ. ಪ್ರಾರ್ಥನೆಯಾ?" ಅಂದ.

"ಹೌದು," ಅಂದೆ. ಮಿಕ್ಕ ಅರ್ಧ ಗಂಟೆ ಕೈಮುಗಿದುಕೊಂಡೇ ಲೆಕ್ಕ ಮಾಡಿದೆ. ಪಾಸಾದೆ.

ಬಾಗಿಲ ಆಚೆ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಕೇಳಿದಳು: "ಅಲ್ರೀ, ಏಳರ ಮಗ್ಗಿ ಯಾವ ದೇವರದ್ದು?"

೩. ಎಲ್ಲರೂ ಒಂದೇ ಅಂಕ ಕೊಡಬೇಕು

ಪಾಸಾದವರನ್ನು ಅಟ್ಲಾಂಟಾಗೆ ಕರೆಸಿದರು. ಒಂದೇ ಕೆಲಸಕ್ಕೆ ಎಲ್ಲ ಪರೀಕ್ಷಕರೂ ಒಂದೇ ಅಂಕ ಕೊಡಬೇಕಂತೆ, ಅದಕ್ಕೆ ತರಬೇತಿ. ಹೋಟೆಲಿನ ಹಾಲ್‌ನಲ್ಲಿ ಒಂದು ವಿಡಿಯೋ ಹಾಕಿದರು. ಹೆಲ್ಮೆಟ್, ಕಪ್ಪು ಕನ್ನಡಕ ಹಾಕಿಕೊಂಡವನೊಬ್ಬ ಕ್ರೇನ್ ನಡೆಸುತ್ತಿದ್ದ. ನಡೆಸುತ್ತಿದ್ದ ಅನ್ನುವುದು ದೊಡ್ಡ ಮಾತು. ಹಾರ್ನ್ ಹೊಡೆಯಲಿಲ್ಲ, ಗಾಳಿ ನೋಡಲಿಲ್ಲ, ಎತ್ತಿದ ಭಾರವನ್ನು ದಾರಿಯ ಕಂಬಗಳಿಗೆ ಮೂರು ಕಡೆ ತಾಗಿಸಿದ.

ತರಬೇತಿ ಕೊಡುವಾಕೆ ಅಭಿಪ್ರಾಯ ಕೇಳಿದಳು. ನಾನು ಎದ್ದು ನಿಂತು ಒಂದೊಂದೇ ತಪ್ಪು ಎಣಿಸಿದೆ. ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಎಂದೂ ಇಲ್ಲದ ಮರ್ಯಾದೆ ಸಿಕ್ಕಿದ್ದಕ್ಕೆ ಉಬ್ಬಿಹೋಗಿ, "ಇಂಥವನನ್ನು ಕ್ರೇನ್ ಹತ್ತಿಸಿದ್ದು ಯಾರು? ಕೈಗಾಡಿ ಕೊಟ್ಟರೂ ಯಾರಿಗಾದರೂ ಗುದ್ದುತ್ತಾನೆ," ಅಂದೆ.

ಆಕೆ ವಿಡಿಯೋ ನಿಲ್ಲಿಸಿದಳು. "ಅದು ನಮ್ಮ ನಿರ್ದೇಶಕರು. ನಿಮ್ಮ ಹಿಂದಿನ ಸಾಲಿನಲ್ಲೇ ಕೂತಿದ್ದಾರೆ."

ತಿರುಗಿ ನೋಡುವ ಧೈರ್ಯವಾಗಲಿಲ್ಲ. ಪೆನ್ನು ಗೀಚುವ ಸದ್ದು ಮಾತ್ರ ಕೇಳಿಸುತ್ತಿತ್ತು. ಸಂಜೆ ಫಲಿತಾಂಶ ಕೊಟ್ಟರು. ತಪ್ಪು ಗುರುತಿಸುವಿಕೆ: ಪೂರ್ಣ ಅಂಕ. ನಡವಳಿಕೆ: ಮತ್ತೊಮ್ಮೆ ಬನ್ನಿ.

೪. ಎರಡನೇ ಸಲ ಬಡಿಸಿದ ಚಿತ್ರಾನ್ನ

ಮತ್ತೊಮ್ಮೆ ಹೋಗಿ, ವಿನಯದಿಂದ ಕೂತು, ಅಂತೂ ಪತ್ರ ತಂದೆ. ಅದರ ಹಿಂಭಾಗದಲ್ಲೊಂದು ಷರತ್ತು: ಪರಿಚಯದವರನ್ನು ಪರೀಕ್ಷೆ ಮಾಡಬಾರದು. ನಾನು ನಿಶ್ಚಿಂತನಾಗಿದ್ದೆ. ನಮ್ಮ ಜನ ಇಲ್ಲಿ ಡಾಕ್ಟರು, ಸಾಫ್ಟ್‌ವೇರ್ ಮಂದಿ. ಕ್ರೇನ್ ಹತ್ತುವವರು ಯಾರು? ಒಂದು ದಿನ ಪಟ್ಟಿಯಲ್ಲಿ ಅಪ್ಪಟ ದಾವಣಗೆರೆ ಹೆಸರು ಬಂತು. ಹೆಂಡತಿ ನೋಡಿದ್ದೇ, "ನಮ್ಮ ಯುಗಾದಿ ಊಟದಲ್ಲಿ ಚಿತ್ರಾನ್ನ ಬಡಿಸಿದ ಹುಡುಗ ಅಲ್ವೇನ್ರೀ?" ಅಂದಳು.

ಪ್ರಾಮಾಣಿಕವಾಗಿ ಹೆಡ್ ಆಫೀಸಿಗೆ ಬರೆದೆ: ಈತ ನನಗೆ ಒಮ್ಮೆ ಚಿತ್ರಾನ್ನ ಬಡಿಸಿದ್ದಾನೆ. ಉತ್ತರ: "ಎಲ್ಲರಿಗೂ ಬಡಿಸಿದ್ದರೆ ಅಡ್ಡಿಯಿಲ್ಲ. ನಿಮಗೆ ಎರಡನೇ ಸಲ ಬಡಿಸಿದನೇ? ನೀವು ಒಪ್ಪಿಕೊಂಡಿರಾ?"

ಒಪ್ಪಿಕೊಂಡಿದ್ದೆ. ಕಡಲೆಬೀಜ ಸ್ವಲ್ಪ ಜಾಸ್ತಿ ಹಾಕು ಅಂತಲೂ ಹೇಳಿದ್ದೆ. ಅದನ್ನೂ ಬರೆದೆ. ಪರೀಕ್ಷೆ ರದ್ದಾಗಿ, ಬೇರೆ ಪರೀಕ್ಷಕ ಸಿಗುವವರೆಗೆ ಎರಡು ತಿಂಗಳು ಆ ಹುಡುಗ ಕೆಲಸವಿಲ್ಲದೆ ಕೂತ. ನನಗೆ ಅನ್ನ ಸೇರಲಿಲ್ಲ.

ಮುಂದಿನ ಯುಗಾದಿಗೆ ಅವನೇ ಬಕೆಟ್ ಹಿಡಿದು ಸಾಲಿನಲ್ಲಿ ಬಂದ. ನನ್ನ ಎಲೆ ಬಿಟ್ಟು ಮುಂದಿನ ಎಲೆಗೆ ಹಾಕಿದ. "ಏನಪ್ಪಾ, ಇನ್ನೂ ಕೋಪಾನಾ?" ಅಂದೆ.

"ಛೆ, ಕೋಪ ಏನಿಲ್ಲ ಅಂಕಲ್. ನಂದು ಲೈಸೆನ್ಸ್ ರಿನ್ಯೂವಲ್ ಇದೆ."

೫. ನಾಲ್ಕು ಕ್ಲಿಪ್‌ಬೋರ್ಡ್

ಎಲ್ಲಕ್ಕಿಂತ ಕೆಟ್ಟ ದಿನ ಇದು. ಅಂದು ಕಳೆದುಕೊಂಡ ಪತ್ರಗಳೆಲ್ಲ ಕೊನೆಗೆ ಎಲ್ಲರಿಗೂ ವಾಪಸ್ ಸಿಕ್ಕವು, ನಿಜ. ನನ್ನದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ನಾನು ಪರೀಕ್ಷೆ ಮಾಡುವುದನ್ನು ಪರೀಕ್ಷಿಸಲು ಒಬ್ಬ ಆಡಿಟರ್ ಬರುತ್ತಾರೆ, ಅವರು ಸರಿ ಅಂದರೆ ಮಾತ್ರ ನನ್ನ ಪತ್ರದ ನವೀಕರಣ. ಆಲ್ಡಿ ಅನ್ನೋ ಊರಿನ ಹತ್ತಿರ ಡೇಟಾ ಸೆಂಟರ್ ಕಟ್ಟುವ ಜಾಗ. ನಮ್ಮ ಸಂಸ್ಥೆಯ ರೆಸ್ಟನ್ ಆಫೀಸಿನಿಂದ ಆಡಿಟರ್ ಹೆಂಗಸು ಬಂದಳು. ಆಕೆ ಕೆಲಸಕ್ಕೆ ಹೊಸಬಳು, ಹಾಗಾಗಿ ಆಕೆಯನ್ನು ಗಮನಿಸಲು ಆಕೆಯ ಮೇಲಧಿಕಾರಿ ಬಂದ. ಆ ವರ್ಷ ನಮ್ಮ ಸಂಸ್ಥೆಯದ್ದೇ ಮಾನ್ಯತೆಯ ಪರಿಶೀಲನೆ, ಹಾಗಾಗಿ ಮೇಲಧಿಕಾರಿಯನ್ನು ಗಮನಿಸಲು ಹೊರಗಿನ ತಜ್ಞನೊಬ್ಬ ಬಂದ. ಎಲ್ಲರ ಕೈಯಲ್ಲೂ ಕ್ಲಿಪ್‌ಬೋರ್ಡ್.

ಪರೀಕ್ಷೆಗೆ ಬಂದವನು ಸೌತ್ ಕೆರೊಲಿನಾದವನು, ಮೂವತ್ತು ವರ್ಷ ಕ್ರೇನಿನಲ್ಲೇ ಕಳೆದವನು. ಅವನಿಗೂ ಇದು ಅನ್ನದ ಪ್ರಶ್ನೆ, ನನಗೂ. ನಾನು ಕೈ ಎತ್ತಿ ಸನ್ನೆ ಮಾಡಿದೆ, ಭಾರ ಮೇಲೆದ್ದಿತು. ನಾನು ಬರೆಯುವುದನ್ನು ಇಣುಕಲು ಆಡಿಟರ್ ಒಂದು ಹೆಜ್ಜೆ ಮುಂದೆ ಬಂದಳು. ಆಕೆ ಬರೆಯುವುದನ್ನು ನೋಡಲು ಮೇಲಧಿಕಾರಿ, ಅವನದನ್ನು ನೋಡಲು ತಜ್ಞ. ಹಿಂದಿನಿಂದ ಉಸಿರು ತಾಗಿದಂತೆಲ್ಲ ನಾನು ಮುಂದೆ ಸರಿದೆ.

ಭಾರ ಮೆಲ್ಲಗೆ ನೆಲಕ್ಕಿಳಿಯಿತು. ಇಂಜಿನ್ ನಿಂತಿತು. ಕ್ರೇನಿನವನು ಏಣಿ ಇಳಿದು ಬಂದ.

"ಏನಾಯ್ತು?" ಅಂದೆ.

"ನಾನು ಎತ್ತಲ್ಲ ಸರ್. ಕ್ರೇನ್ ತಿರುಗೋ ಜಾಗದಲ್ಲಿ ನಾಲ್ಕು ಜನ ನಿಂತಿದ್ದೀರಿ."

ಕೆಳಗೆ ನೋಡಿದೆ. ದಾಟಬಾರದ ಹಳದಿ ಗೆರೆ ನಮ್ಮೆಲ್ಲರ ಬೆನ್ನ ಹಿಂದಿತ್ತು.

ಅಪಾಯ ಕಂಡರೆ ಕೆಲಸ ನಿಲ್ಲಿಸುವುದಕ್ಕೇ ಅತಿ ಹೆಚ್ಚು ಅಂಕ. ಅವನನ್ನು ಪಾಸ್ ಮಾಡಿ ಬರೆದೆ. ಗೆರೆ ದಾಟಿದ್ದಕ್ಕೆ ಆಡಿಟರ್ ನನ್ನನ್ನು ಫೇಲ್ ಮಾಡಿದಳು. ನಿಯಮದ ಪ್ರಕಾರ ಫೇಲಾದವರ ಪತ್ರ ಆ ಕ್ಷಣದಿಂದಲೇ ಅಮಾನತು. ನನ್ನನ್ನು ತಡೆಯದೆ ತಾನೂ ದಾಟಿದ್ದಕ್ಕೆ ಮೇಲಧಿಕಾರಿ ಆಕೆಯನ್ನು ಫೇಲ್ ಮಾಡಿದ. ತಜ್ಞ ಮೇಲಧಿಕಾರಿಯನ್ನು ಫೇಲ್ ಮಾಡಿದ. ಆಮೇಲೆ ತನ್ನ ಬೂಟನ್ನೇ ನೋಡುತ್ತ ನಿಂತು, ಪಾಪ, ಸತ್ಯವಂತ, ತನ್ನ ಆಫೀಸಿಗೆ ತಾನೇ ಫೋನ್ ಮಾಡಿ ಒಪ್ಪಿಕೊಂಡ. ಅವನ ಪತ್ರವೂ ಹೋಯಿತು.

"ಹಾಗಾದ್ರೆ ನನ್ನ ಪೇಪರಿಗೆ ಸಹಿ ಯಾರು ಹಾಕ್ತೀರಿ?" ಅಂದ ಕ್ರೇನಿನವನು.

ನಾನು ಅಭ್ಯಾಸಬಲದಿಂದ ಪೆನ್ನು ತೆಗೆದೆ. "ನೀವು ಹಾಕೋ ಹಾಗಿಲ್ಲ," ಅಂದಳು ಆಡಿಟರ್. "ನೀವೂ," ಅಂದ ಮೇಲಧಿಕಾರಿ ಆಕೆಗೆ. "ನೀವೂ," ಅಂದ ತಜ್ಞ ಅವನಿಗೆ, ಆಮೇಲೆ ತನ್ನ ಪೆನ್ನನ್ನೂ ಜೇಬಿಗಿಟ್ಟ.

ಕ್ರೇನಿನವನು ನಮ್ಮ ನಾಲ್ಕೂ ಮುಖಗಳನ್ನು ಒಂದೊಂದಾಗಿ ನೋಡಿದ. ಅವನ ಕಣ್ಣಲ್ಲಿ ನಿಜವಾದ ಕನಿಕರವಿತ್ತು. ಮೆಲ್ಲಗೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡ.

"ಹೋಗ್ಲಿ ಬಿಡಿ, ಬೇಜಾರು ಮಾಡ್ಕೋಬೇಡಿ," ಅಂದ. "ಇಲ್ಲಿ ಪಾಸಾಗಿರೋನು ನಾನೊಬ್ಬನೇ ತಾನೆ? ನಾನೇ ಹಾಕ್ಕೋತೀನಿ."